ನಾಲ್ಕು ಬೆರಳಿನ ಅಳತೆ

ಪಂಚಾಯಿತಿ ಚುನಾವಣೆ ಮುಗಿದು ಹತ್ತು ದಿನಕ್ಕೆ ಕನಕಪ್ಪನ ಬಂದೂಕು ಠಾಣೆಯಿಂದ ಮನೆಗೆ ಬಂತು. ಪ್ರತಿ ಚುನಾವಣೆಗೂ ಹೀಗೆಯೇ. ಪರವಾನಗಿ ಇದ್ದವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ ಚೀಟಿ ಪಡೆಯಬೇಕು, ಮುಗಿದ ಮೇಲೆ ಚೀಟಿ ತೋರಿಸಿ ಬಿಡಿಸಿಕೊಳ್ಳಬೇಕು. ಬಂದೂಕು ಬಂದ ದಿನ ಬೇವೂರಿನ ಆ ಮನೆಯಲ್ಲಿ ಊಟ ತಡ. ಕನಕಪ್ಪ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಬಂದೂಕನ್ನು ಮಲಗಿಸಿ, ನಂಬರು ತನ್ನದೇ ಹೌದೋ ಅಲ್ಲವೋ, ಪೊಲೀಸರು ಏನಾದರೂ ಬದಲಿಸಿದ್ದಾರೋ ಎಂದು ತಿರುವಿ ತಿರುವಿ ನೋಡುವವರೆಗೆ ಯಾರೂ ತಾಟಿನ ಮುಂದೆ ಕೂಡುವಂತಿರಲಿಲ್ಲ.

ಅದು ಅವನ ಅಜ್ಜನ ಬಂದೂಕು, ನಿಜಾಮರ ಕಾಲದ್ದು. ಹಿಂದಿನಿಂದ ತೋಟಾ ಹಾಕುವಂಥದಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಮೇಲೆ ಅರಿವೆಯ ಚಿಂದಿ ತುರುಕಿ, ಕಬ್ಬಿಣದ ಸಲಾಕೆಯಿಂದ ಜಡಿದು, ಹಿಂಭಾಗದ ತೂತಿನ ಮೇಲೆ ಟೋಪಿ ಎನ್ನುವ ಪುಟ್ಟ ತಾಮ್ರದ ಮುಚ್ಚಳ ಇಟ್ಟು ಹಾರಿಸಬೇಕು. ಅದರಲ್ಲಿ ಗುಂಡು ಹಾಕುವುದನ್ನು ಬಿಟ್ಟು ನಲವತ್ತು ವರ್ಷವಾಗಿತ್ತು. ಬರೀ ಮದ್ದು. ಗುಡ್ಡದ ಬುಡದ ಹೊಲದಲ್ಲಿ ಗೋವಿನಜೋಳಕ್ಕೂ ಶೇಂಗಾಕ್ಕೂ ಬೀಳುವ ಕಾಡುಹಂದಿಗಳನ್ನು ಓಡಿಸಲು ಸಪ್ಪಳ ಸಾಕಾಗುತ್ತಿತ್ತು.

"ಅಪ್ಪ, ಠಾಣ್ಯಾಗ ಒಂದು ಮಾತು ಹೇಳಿದ್ರು," ಎಂದ ಗೌರೀಶ. ಮೂವತ್ತೆಂಟು ದಾಟಿದ ಒಬ್ಬನೇ ಮಗ. ಹೊಲ ಕಾಯುವವನು ಅವನೇ ಆದ್ದರಿಂದ ಪರವಾನಗಿಯಲ್ಲಿ ಅವನ ಹೆಸರೂ ಸಹಾಯಕ ಎಂದು ಇತ್ತು. "ಎಪ್ಪತ್ತು ಆದವ್ರು ಪರವಾನಗಿನ ವಾರಸುದಾರರ ಹೆಸರಿಗೆ ಮಾಡಿ ಕೊಡಬಹುದಂತ. ನಿನಗ ಎಪ್ಪತ್ತೆರಡು."

"ಕೊಡಬಹುದು ಅಂದ್ರೋ, ಕೊಡಬೇಕು ಅಂದ್ರೋ?"

"ಕೊಡಬಹುದು."

"ಹಂಗಾದ್ರ ಊಟ ಮಾಡು."

ಸೊಸೆ ಶರಣಬಸಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಗೌರೀಶ ಎರಡನೆಯ ರೊಟ್ಟಿ ಮುರಿಯುತ್ತ ಮತ್ತೆ ಶುರು ಮಾಡಿದ.

"ನನ್ನ ಹೆಸರಿಗೆ ಆದ್ರ ಇದನ್ನ ಕೊಟ್ಟು ಹೊಸಾದು ತಗೋಬಹುದು. ಹಿಂದ ತೋಟಾ ಇಟ್ರ ಆತು. ಸುರಿಯೂದಿಲ್ಲ, ಜಡಿಯೂದಿಲ್ಲ. ಮಳಿ ಬಂದ್ರೂ ಹಾರತೈತಿ. ಒಂದು ನಿಮಿಷದಾಗ ಹತ್ತು ಸಲ ಹಾರಿಸಬಹುದು."

"ಹತ್ತು ಸಲ ಯಾಕ? ಹಂದಿಗೆ ಕಿವಿ ಎಷ್ಟದಾವು?"

ಕನಕಪ್ಪನ ಹೆಂಡತಿ ಪಾರಮ್ಮ ನಕ್ಕಳು. ಗೌರೀಶ ನಗಲಿಲ್ಲ.

"ತೋಟಾ ಎಲ್ಲಿಂದ ತರತಿ?" ಕನಕಪ್ಪ ಮುಂದುವರಿಸಿದ. "ಅಂಗಡ್ಯಾಗ ಲೆಕ್ಕ ಮಾಡಿ ಕೊಡತಾರ. ಖಾಲಿ ಕೊಳವಿ ತೋರಿಸಬೇಕು. ಇದಕ್ಕ ಏನು ಬೇಕು? ಒಂದು ಅಳತಿ ಮದ್ದು, ನಿನ್ನ ಹರದ ಲುಂಗಿ. ಅದರ ಮ್ಯಾಲೆ ಹೊಸಾದ್ರ ಸಪ್ಪಳ ಪಟಾಕಿ ಹೊಡದಂಗ. ಇದು ಗುಡ್ಡಕ್ಕ ಬಡದು ತಿರುಗಿ ಬರತೈತಿ."

"ಇದು ನಾಕು ಸಲಕ್ಕ ಒಮ್ಮಿ ಹತ್ತೂದಿಲ್ಲ ಯಪ್ಪಾ."

"ಟೋಪಿ ಒಣಗಿಸಿ ಇಟಕೊಂಡ್ರ ಹತ್ತತೈತಿ."

ಅಷ್ಟಕ್ಕೆ ಮಾತು ನಿಂತಿತು. ಆದರೆ ಕನಕಪ್ಪನಿಗೆ ನಿದ್ದೆ ಕೆಟ್ಟಿತು. ಸಪ್ಪಳಕ್ಕೆ ಇಷ್ಟು ವರ್ಷ ಸಾಕಾದದ್ದು ಮಗನಿಗೆ ಈಗ ಯಾಕೆ ಸಾಲದು? ಹೊಸ ಬಂದೂಕು ಬೇಕಾಗುವುದು ಕೊಲ್ಲುವವನಿಗೆ. ಹಂದಿ ಕೊಂದರೆ ಅರಣ್ಯದವರು ಬಿಡುವುದಿಲ್ಲ. ಸಹಿ ಮಾಡಿಕೊಟ್ಟರೆ ಮಗನನ್ನು ಜೈಲಿಗೆ ತಾನೇ ಕಳಿಸಿದಂತೆ.

ಮುಂದಿನ ಭಾನುವಾರ ಗೌರೀಶ ಬಳ್ಳಾರಿ ಕಡೆಯ ಒಬ್ಬ ವ್ಯಾಪಾರಿಯನ್ನು ಕರೆತಂದ. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಆತ ಬಂದೂಕನ್ನು ಎತ್ತಿ ತೂಗಿ, "ಇದು ಗುಜರಿ ರೀ ಯಜಮಾನ್ರ. ನೀವು ಹಿರ್ಯಾರು ಅಂತ ಐದು ಸಾವಿರ ಹಿಡೀತೀನಿ. ಹೊಸದಕ್ಕ ಉಳದದ್ದು ಹಾಕಿ ಕೊಡ್ರಿ" ಎಂದ. ಚಹಾ ಕುಡಿದು ಎದ್ದವನು ಹೋಗುವ ಮೊದಲು ಬಂದೂಕಿನ ಮೇಲಿದ್ದ ಉರ್ದು ಅಕ್ಷರಗಳನ್ನು, ಹಿಡಿಕೆಯನ್ನು, ಟೋಪಿಗೆ ಬಡಿಯುವ ಕುದುರೆಯನ್ನು ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಂಡ.

ಶರಣಬಸಮ್ಮ ಚಹಾದ ಕಪ್ಪುಗಳನ್ನು ಒಟ್ಟು ಮಾಡುತ್ತ, "ಗುಜರಿ ಅಂದಾವ ಫೋಟೊ ಯಾಕ ಹೊಡಕೊಂಡ್ನೋ" ಎಂದಳು, ಯಾರ ಕಡೆಗೂ ನೋಡದೆ.

"ನಿನಗ ಕೇಳಿದ್ರೇನು?" ಎಂದ ಗೌರೀಶ.

"ಹಳೇ ಕೊಡ ಮಾರುವಾಗ ನನ್ನನ್ನ ಕೇಳತೀರಿ. ಅದಕ್ಕ ಅಂದೆ."

ಕನಕಪ್ಪ ಅಂದಿನಿಂದ ಬಂದೂಕನ್ನು ನಡುಮನೆಯ ಗೂಟದಿಂದ ಇಳಿಸಿ ತನ್ನ ಹಾಸಿಗೆಯ ಮಗ್ಗುಲಿಗೆ ಒರಗಿಸಿದ. ಸಂಜೆ ಮಗ ಹೊಲಕ್ಕೆ ಹೊರಡುವಾಗ ಕೊಡುವುದು, ಬೆಳಿಗ್ಗೆ ತಿರುವಿ ನೋಡಿ ಇಸಿದುಕೊಳ್ಳುವುದು. ಮದ್ದಿನ ಡಬ್ಬಿಯ ಹೊರಗೆ ಇದ್ದಿಲಿನಿಂದ ಗೆರೆ ಎಳೆದ. ದಿನಕ್ಕೆ ಒಂದು ಅಳತೆ ಇಳಿಯುತ್ತಿತ್ತು, ಅದು ಸರಿಯೇ. ಟೋಪಿಗಳನ್ನೂ ಎಣಿಸಿದ. ಲೆಕ್ಕ ಸರಿ ಬಂದಷ್ಟೂ ಅನುಮಾನ ಹೆಚ್ಚಾಯಿತು. ಗೌರೀಶ ಇಷ್ಟು ಅಚ್ಚುಕಟ್ಟಿನ ಮನುಷ್ಯನಾಗಿರಲಿಲ್ಲ.

ಗೌರೀಶನಿಗೂ ತನ್ನದೇ ಅನುಮಾನ. ಕುಷ್ಟಗಿಗೆ ಕೊಟ್ಟ ಅಕ್ಕ ಅಮರಮ್ಮ ಫೋನು ಮಾಡಿದಾಗಲೆಲ್ಲ ಅವನು ನೀರು ಕುಡಿಯುವ ನೆವದಿಂದ ಒಳಗೆ ಬರುತ್ತಿದ್ದ.

"ಅಳಿಯನ ಹೆಸರಿಗೆ ಬರೀಬೇಕಂತ ಮಾಡ್ಯಾನೇನವ್ವ ಅಪ್ಪ?" ಎಂದು ತಾಯಿಯನ್ನು ಕೇಳಿದ.

"ಅಳಿಯಗ ಕಿರಾಣಿ ಅಂಗಡಿ ಐತಿ. ಇಲಿ ಹೊಡಿಯಾಕೇನು ಅದರಿಂದ?"

"ಮತ್ತ ನನಗ ಯಾಕ ಕೊಡವಲ್ಲ?"

"ನೀ ಯಾಕ ಬೇಡತೀ ಅಂತ ಹೇಳಿದ್ರ ಕೊಡತಾನ. ಹೇಳು."

ಗೌರೀಶ ತಂಬಿಗೆಯನ್ನು ಕುಕ್ಕಿ ಹೊರಗೆ ಹೋದ.

ಮೂರನೆಯ ವಾರ ಪಕ್ಕದ ಮನೆಯ ಉಡಚಮ್ಮ ಮಜ್ಜಿಗೆ ಕೇಳಲು ಬಂದವಳು ಸುದ್ದಿ ಹೇಳಿದಳು. ಮೇಲಿನ ಓಣಿಯಲ್ಲಿ ಯಾರೋ ಹಂದಿ ಮಾಂಸ ಪಾಲು ಮಾಡಿದ್ದಾರಂತೆ. ಅರಣ್ಯದವರು ಇಬ್ಬರು ಚಹಾದ ಅಂಗಡಿಯಲ್ಲಿ ಕೂತು, ಊರಲ್ಲಿ ಬಂದೂಕು ಯಾರ್ಯಾರ ಮನೆಯಲ್ಲಿ ಇವೆ ಎಂದು ಕೇಳಿದರಂತೆ.

"ಎರಡ ಅದಾವು ಅಂದ್ರಂತ," ಎಂದಳು ಉಡಚಮ್ಮ. "ಒಂದು ಗೌಡರದು. ಅದು ಕೆಟ್ಟು ಹತ್ತು ವರ್ಷ ಆತು."

"ಇನ್ನೊಂದು?"

"ನನಗ ಯಾಕ ಕೇಳತೀ ಪಾರಮ್ಮ, ಮಜ್ಜಿಗಿ ಹಾಕು."

ಮರುದಿನ ಬೆಳಿಗ್ಗೆ ಬಂದೂಕು ಕೈಗೆ ಬಂದಾಗ ಕನಕಪ್ಪ ನಳಿಗೆಗೆ ಮೂಗು ಹಚ್ಚಿದ. ಮದ್ದು ಹಾರಿಸಿದ ನಳಿಗೆಯನ್ನು ಕುದಿಯುವ ನೀರಿನಿಂದ ತೊಳೆದು ಎಣ್ಣೆ ಸವರದಿದ್ದರೆ ಎರಡೇ ದಿನಕ್ಕೆ ತುಕ್ಕು. ಅವನು ಸವರುವುದು ಹೊಲಿಗೆ ಯಂತ್ರದ ಎಣ್ಣೆ. ಆದರೆ ಮೂಗಿಗೆ ಬಂದದ್ದು ಕೊಬ್ಬರಿ ಎಣ್ಣೆಯ ವಾಸನೆ. ನಳಿಗೆ ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮಗನ ಜೊತೆ ಹೊಲದಲ್ಲಿ ಬೇರೆ ಯಾರೋ ಇದ್ದಾರೆ, ಗುರುತು ಉಳಿಯಬಾರದೆಂದು ತೊಳೆದು ಒರೆಸಿ ಕಳಿಸುತ್ತಿದ್ದಾರೆ ಎಂದುಕೊಂಡ.

ಮಧ್ಯಾಹ್ನ ತಾಟಿನ ಮುಂದೆಯೇ ಕೇಳಿದ. "ಹೊಲದಾಗ ನಿನ್ನ ಕೂಡ ಯಾರು ಇರತಾರ?"

"ಯಾರೂ ಇಲ್ಲ."

"ಇದನ್ನ ತೊಳಿಯಾವ್ರು ಯಾರು?"

ಗೌರೀಶ ಹೆಂಡತಿಯ ಕಡೆ ನೋಡಿದ. ಅವಳು ಸಾರಿನ ಸೌಟನ್ನು ಪಾತ್ರೆಯಲ್ಲಿ ತಿರುವುತ್ತಲೇ ಇದ್ದಳು.

"ನಾನ. ಮತ್ತ ಯಾರು ತೊಳೀತಾರ?"

"ಮೇಲಿನ ಓಣ್ಯಾಗ ಪಾಲು ಹಾಕ್ಯಾರಂತಲ್ಲ, ನಿನಗೂ ಬಂತೇನು?"

"ಯಪ್ಪಾ, ತುತ್ತು ಬಾಯಾಗ ಐತಿ. ಹಂಗ ಮಾತಾಡಬ್ಯಾಡ."

"ಮದ್ದು ತುಂಬಾಕ ಬ್ಯಾಸರಪಡಾವಗ ಹೊಸ ಬಂದೂಕು ಯಾಕ ಅಂತ ನಾ ತಿಳಕೋಬೇಕಲ್ಲ. ನಿನ್ನ ವಯಸ್ಸಿನ್ಯಾಗ ನಾ ಕತ್ತಲದಾಗ ಕಣ್ಣು ಮುಚ್ಚಿ ತುಂಬತಿದ್ದೆ. ನೀ ಗಂಡಸಾಗಿ ಅದನ್ನರ ಮಾಡು."

ಗೌರೀಶ ಅರ್ಧ ಊಟದಲ್ಲೇ ಎದ್ದ. ಪಾರಮ್ಮ ಗಂಡನ ಕಡೆ ದಿಟ್ಟಿಸಿ ನೋಡಿದಳು. ಆಮೇಲೆ ಮಗನ ತಾಟಿನಲ್ಲಿ ಉಳಿದ ರೊಟ್ಟಿಯನ್ನು ಎಮ್ಮೆಗೆ ಒಯ್ದಳು.

ಸಂಜೆ ಹಿತ್ತಲಲ್ಲಿ ಗಂಡ ಹೆಂಡತಿ ಜಗಳವಾಡಿದ್ದು ಕನಕಪ್ಪನ ಕಿವಿಗೂ ಬಿತ್ತು. "ಇನ್ನ ನನ್ನ ಕಡಿಂದ ಆಗೂದಿಲ್ಲ. ಮಾವನ ಮುಂದ ಸುಳ್ಳು ಹೇಳಿ ಸಾಕಾಗೇತಿ. ನಿಂದು ನೀ ನೋಡಿಕೋ," ಎಂದು ಶರಣಬಸಮ್ಮ ಅಂದದ್ದು ಸ್ಪಷ್ಟ ಕೇಳಿಸಿತು. ಸುಳ್ಳು ಎಂಬ ಮಾತನ್ನು ಕನಕಪ್ಪ ಮನಸ್ಸಿನಲ್ಲಿ ಕಟ್ಟಿಕೊಂಡ.

ಮರುದಿನ ಬೆಳಿಗ್ಗೆ ಗೌರೀಶ ಬಂದೂಕನ್ನು ಅಪ್ಪನ ಕೈಗೆ ಕೊಡಲಿಲ್ಲ. ನಡುಮನೆಯ ಗೂಟಕ್ಕೆ ತೂಗುಹಾಕಿ, ಸ್ನಾನವನ್ನೂ ಮಾಡದೆ ಮಲಗಿಬಿಟ್ಟ. ಕನಕಪ್ಪ ಅದನ್ನು ಇಳಿಸಿ ಸಲಾಕೆ ತೆಗೆದ. ಬಾಯಿಯಿಂದ ತುಂಬುವ ಬಂದೂಕು ತುಂಬಿದೆಯೋ ಖಾಲಿಯೋ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಸಲಾಕೆಯನ್ನು ಒಳಗೆ ಬಿಟ್ಟು ನೋಡಬೇಕು. ಖಾಲಿ ಇದ್ದರೆ ಸಲಾಕೆಯ ತುದಿ ನಳಿಗೆಯ ಬಾಯಿಗೆ ಸಮ ನಿಲ್ಲುತ್ತದೆ. ಮದ್ದು ಇದ್ದರೆ ನಾಲ್ಕು ಬೆರಳು ಹೊರಗೆ. ತುಂಬಿದ ಬಂದೂಕು ಹೊಸ್ತಿಲು ದಾಟಿ ಒಳಗೆ ಬರಬಾರದು ಎನ್ನುವುದು ಅವನ ಅಜ್ಜನ ಕಾಲದಿಂದ ಆ ಮನೆಯ ಕಟ್ಟಳೆ.

ಸಲಾಕೆ ಎಂಟು ಬೆರಳು ಹೊರಗೆ ನಿಂತಿತು.

ಕನಕಪ್ಪ ಇನ್ನೊಮ್ಮೆ ಅಳೆದ. ಎಂಟೇ. ಡಬ್ಬಿ ನೋಡಿದ, ಎರಡು ಅಳತೆ ಇಳಿದಿತ್ತು. ಕುದುರೆಯ ಕೆಳಗಿನ ಟೋಪಿಯನ್ನು ಉಗುರಿನಿಂದ ಎಬ್ಬಿಸಿ ಕಿಸೆಗೆ ಹಾಕಿಕೊಂಡ. ಅದು ಪೆಟ್ಟು ತಿಂದು ಚಪ್ಪಟೆಯಾಗಿತ್ತು, ತೇವಕ್ಕೆ ಕಿಡಿ ಹತ್ತಿರಲಿಲ್ಲ. ಆಮೇಲೆ ಮಗನನ್ನು ಕಾಲಿನಿಂದ ಎಬ್ಬಿಸಿದ.

"ಏಳೋ. ಇದರಾಗ ಏನು ತುಂಬೀದಿ?"

"ಮದ್ದು."

"ಎಂಟು ಬೆರಳು ಐತಿ. ಗುಂಡು ಎಲ್ಲಿ ತಂದಿ? ಎಷ್ಟು ತೂಕದ್ದು?"

"ಗುಂಡು ಹಾಕಿಲ್ಲ ಯಪ್ಪಾ. ನಿನ್ನಾಣಿ."

"ನನ್ನ ಆಣಿ ಅಗ್ಗ ಆಗೇತಿ ಈ ಮನ್ಯಾಗ."

ಶರಣಬಸಮ್ಮ ಒಳಗಿನಿಂದ ಬಂದಳು. ಸಲಾಕೆಯನ್ನು ನೋಡಿದಳು. ಅವಳ ಮುಖ ಬಿಳಿಚಿತು. ಮಾವನ ಎದುರು ಎಂದೂ ದನಿ ಎತ್ತದವಳು, "ಅದನ್ನ ಯಾರೂ ಮುಟ್ಟಬ್ಯಾಡ್ರಿ. ಶಾಮೀದಸಾಬ್ರ ಕಡಿ ಒಯ್ಯೋಣ. ನಾನೂ ಬರತೀನಿ" ಎಂದಳು.

"ನೀ ಯಾಕ?"

"ಬರತೀನ್ರಿ ಮಾವ."

ಶಾಮೀದಸಾಬ ಭಾಗ್ಯನಗರದಲ್ಲಿ ಬೀಗ, ಪಂಪು, ಬಂದೂಕು ರಿಪೇರಿ ಮಾಡುವ ಮುದುಕ. ಅವನ ಅಪ್ಪನೂ ಇದೇ ಬಂದೂಕಿಗೆ ಸ್ಪ್ರಿಂಗು ಹಾಕಿದ್ದ. ಬಾಡಿಗೆ ಟಂಟಂ ಆಟೋದಲ್ಲಿ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ, ಬಾಯಿ ಹೊರಗೆ ಮಾಡಿ ಮಲಗಿಸಿಕೊಂಡು ಮೂವರೂ ಹೋದರು.

"ಏನು ಕನಕಪ್ಪಣ್ಣ, ಪಟಾಲಮ್ಮು ಸಮೇತ ಬಂದೀರಿ?" ಎಂದ ಶಾಮೀದಸಾಬ. ಅಳತೆ ಕೇಳಿದ ಮೇಲೆ ಚೇಷ್ಟೆ ಬಿಟ್ಟ. ನಳಿಗೆಯ ಬಾಯಿಗೆ ಒಂದು ತಂಬಿಗೆ ನೀರು ಸುರಿದು, ಅದು ಇಂಗಲು ಬಿಟ್ಟು, ಚಹಾ ತರಿಸಿದ. ಚಹಾ ಮುಗಿದ ಮೇಲೆ ತುದಿಯಲ್ಲಿ ತಿರುಪು ಇರುವ ಉದ್ದನೆಯ ಕಡ್ಡಿಯನ್ನು ಒಳಗೆ ಇಳಿಸಿ, ತಿರುವಿ, ಮೆಲ್ಲಗೆ ಎಳೆದ.

ಮೊದಲು ಬಂದದ್ದು ನೀಲಿ ಚೌಕಡಿಯ ಲುಂಗಿಯ ಚಿಂದಿ. ಅದರ ಹಿಂದೆ ಕೆಸರಾದ ಮದ್ದು. ಕನಕಪ್ಪ ಗುಂಡಿಗಾಗಿ ಕೈ ಒಡ್ಡಿ ಕೂತಿದ್ದ. ಕಡ್ಡಿ ಮತ್ತೆ ಇಳಿಯಿತು. ಈ ಸಲ ಬಂದದ್ದು ಹಸಿರು ಕುಬಸದ ಬಟ್ಟೆಯ ತುಂಡು, ಅಚ್ಚುಕಟ್ಟಾಗಿ ಗುಂಡಗೆ ಕತ್ತರಿಸಿದ್ದು. ಅದರ ಹಿಂದೆ ಮತ್ತೆ ಮದ್ದು. ನಳಿಗೆ ಖಾಲಿಯಾಯಿತು. ಗುಂಡು ಇರಲಿಲ್ಲ.

"ಇಬ್ಬರು ತುಂಬ್ಯಾರ ಇದನ್ನ," ಎಂದ ಶಾಮೀದಸಾಬ. "ಕೆಳಗಿನದು ತಿಳಿದವ್ರ ಕೈ. ಮ್ಯಾಲಿನದು ಅಂಜಿದವ್ರ ಕೈ. ಜಡದಿದ್ದೂ ಸಾಲದು. ಹಾರಿದ್ರ ನಳಿಗಿ ಬಾಳಿಹಣ್ಣಿನ ಸಿಪ್ಪಿ ಆಗಿ ಬಿಚ್ಚತಿತ್ತು. ಹಿಡದಾವನ ಮುಖ ಇರತಿರಲಿಲ್ಲ."

ಶರಣಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತೆಗೆದಳು.

"ಕೆಳಗಿನದು ನಂದು ರೀ ಮಾವ. ಎರಡು ವರ್ಷದಿಂದ ನಾನ ತುಂಬತೀನಿ. ಸಂಜಿಮುಂದ ನೀವು ಕೊಟ್ಟ ಮ್ಯಾಲೆ ಹಿತ್ತಲದಾಗ ತುಂಬಿ ಕೊಡತೀನಿ, ಅವ್ರು ಹೊಲದಾಗ ಹಾರಿಸತಾರ. ಬೆಳಿಗ್ಗೆ ಜಳಕದ ಹಂಡೆದಾಗಿನ ನೀರಿಂದ ತೊಳದು, ತಲಿಗೆ ಹಚ್ಚೂ ಎಣ್ಣಿ ಸವರತೀನಿ."

"ಎರಡು ವರ್ಷ?"

"ಇವ್ರ ಹುಬ್ಬು ಸುಟ್ಟಿತ್ತಲ್ರಿ. ಹೊಲದಾಗ ಕಸಕ್ಕ ಬೆಂಕಿ ಹಚ್ಚುವಾಗ ಸುಟ್ಟೈತಿ ಅಂತ ಹೇಳಿದ್ವಿ. ಅದು ಮದ್ದು. ನಳಿಗ್ಯಾಗ ಕಿಡಿ ಉಳದಿತ್ತು. ಸುರಿಯಾಕ ಹೋದ್ರು, ಮುಖಕ್ಕ ಹೊಡೀತು. ಅವತ್ತಿಂದ ಸುರಿಯುವಾಗ ಕೈ ನಡಗತಾವು. ಅದಕ್ಕ ಹೊಸಾದು ಬೇಕಂತಾರ, ಕೊಲ್ಲಾಕಲ್ಲ."

ಗೌರೀಶ ಅಂಗಡಿಯ ಹೊರಗೆ ನೋಡುತ್ತ ನಿಂತಿದ್ದ.

"ನಿನ್ನೆ ನೀವು ಅಂದ್ರಿ. ನಾನೂ ಸಿಟ್ಟಿಗೆದ್ದು ಇನ್ನ ತುಂಬೂದಿಲ್ಲ ಅಂದೆ. ಆಮ್ಯಾಲೆ ಮನಸು ತಡೀಲಿಲ್ಲ. ಸುಮ್ನ ತುಂಬಿ ಇಟ್ಟೆ, ಹೇಳಲಿಲ್ಲ."

"ನಾನು ನೀ ತುಂಬಿಲ್ಲ ಅಂತ ತಿಳದೆ," ಎಂದ ಗೌರೀಶ ಬೆನ್ನು ತಿರುಗಿಸಿಯೇ. "ಹೊಲದಾಗ ಕುಂತು ಎರಡು ತಾಸು ಧೈರ್ಯ ಮಾಡಿಕೊಂಡು ತುಂಬಿದೆ. ಸಲಾಕಿ ಇಟ್ಟು ಅಳಿಯೂದು ಮರೆತೆ. ಹಂದಿ ಬಂದ್ವು, ಕುದುರಿ ಬಿಟ್ಟೆ. ಹತ್ತಲಿಲ್ಲ."

ಶಾಮೀದಸಾಬ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. "ನೀವು ಹಳೇದು ಛಲೋ ಅಂತೀರಿ, ಅವ ಹೊಸಾದು ಛಲೋ ಅಂತಾನ. ಖರೆ ಹೇಳಲೇನು? ಹೊಸಾದ್ರಾಗ ಎರಡು ತೋಟಾ ಒಂದ್ರ ಮ್ಯಾಲೊಂದು ತುಂಬಾಕ ಬರೂದಿಲ್ಲ. ತಪ್ಪು ಮಾಡಾವ್ರನ್ನೂ ಕಾಯತೈತಿ. ಇದು ಕಾಯೂದಿಲ್ಲ. ಆದ್ರ ಹೊಸಾದ್ರ ಸ್ಪ್ರಿಂಗು ಮುರದ್ರ ಊರೂರು ತಿರಗಬೇಕು. ಇದರದು ನಾ ಇಲ್ಲೇ ಮಾಡತೀನಿ, ನಾ ಸತ್ರ ಯಾವ ಕಮ್ಮಾರ ಆದ್ರೂ ಮಾಡತಾನ. ಇನ್ನೂ ನೂರು ವರ್ಷ ಸಪ್ಪಳ ಮಾಡತೈತಿ. ತಿಳಿದವ್ರ ಕೈಯಾಗ ಇರಬೇಕು ಅಷ್ಟ." ಆಮೇಲೆ ಶರಣಬಸಮ್ಮನ ಕಡೆ ತಿರುಗಿ, "ಚಿಂದಿ ಗುಂಡಗ ಕತ್ತರಿಸೂದು ಯಾರು ಕಲಿಸಿದ್ರವ್ವ?" ಎಂದ.

"ನೋಡಿ ಕಲತೀನ್ರಿ."

ಕನಕಪ್ಪ ಸೊಸೆಯನ್ನು ಓರೆಗಣ್ಣಿನಿಂದ ನೋಡಿದ. ಅವನು ಎಂದೂ ಚಿಂದಿಯನ್ನು ಗುಂಡಗೆ ಕತ್ತರಿಸಿದವನಲ್ಲ.

ಆ ರಾತ್ರಿ ಊಟ ಮುಗಿಯುವವರೆಗೂ ಎಲ್ಲರೂ ಉಪ್ಪು, ಚಟ್ನಿ ಎಂದಷ್ಟೇ ಮಾತಾಡಿದರು. ಕೈ ತೊಳೆದ ಮೇಲೆ ಕನಕಪ್ಪ, "ಪರವಾನಗಿ ಶರಣವ್ವನ ಹೆಸರಿಗೆ ಮಾಡಿಸೋಣ. ಸೊಸಿನೂ ವಾರಸುದಾರಳ" ಎಂದ.

"ಮಾಡಿಸು," ಎಂದ ಗೌರೀಶ. ಹಾಸಿಗೆ ಬಿಚ್ಚುತ್ತ, "ಊರಾಗ ಏನಂತಾರ ಅಂತ ಒಂದೀಟು ವಿಚಾರ ಮಾಡು" ಎಂದ.

ಕೊಪ್ಪಳದ ಕಚೇರಿಗೆ ಅರ್ಜಿ ಹೋಯಿತು. ಮೂರು ವಾರಕ್ಕೆ ವಿಚಾರಣೆಗೆ ಪಕ್ಕೀರಪ್ಪ ಎಂಬ ಪೊಲೀಸಪ್ಪ ಬಂದ. ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಅವನ ಬೈಕಿನ ಸಪ್ಪಳ ಕೇಳಿಯೇ ಉಡಚಮ್ಮ ತನ್ನ ಕಟ್ಟೆಗೆ ಬಂದು ಅಕ್ಕಿ ಆರಿಸಲು ಕೂತಳು. ಓಣಿಯ ಇನ್ನಿಬ್ಬರು ಬಾಗಿಲಲ್ಲಿ ನಿಂತರು.

ಪಕ್ಕೀರಪ್ಪ ಕಾಗದ ಓದಿ ಹುಬ್ಬು ಏರಿಸಿದ. "ಒಬ್ಬಾನೊಬ್ಬ ಮಗ. ಹೊಲ ಕಾಯಾವನೂ ಅವನೇ. ಹೆಸರು ಮಾತ್ರ ಸೊಸಿದು. ಯಾಕ್ರಿ ಯಜಮಾನ್ರ?"

"ನಮ್ಮ ಮನಿ ವಿಚಾರ ರೀ."

"ನಿಮ್ಮ ಮನಿ ವಿಚಾರ ನಾ ಬರೀಬೇಕಲ್ರಿ. ಮಗನ ಮ್ಯಾಲೆ ಏನರ ಐತೇನು? ಮಾಂಸದ ಸುದ್ದಿ ನಮಗೂ ಬಂದೈತಿ. ಕಾರಣ ಇಲ್ಲದಂಗ ಮಗನ್ನ ಬಿಟ್ಟು ಕೊಡಾಕ ಯಾರೂ ಬರೂದಿಲ್ಲ. ಕಾರಣ ಹೇಳ್ರಿ, ಇಲ್ಲಾಂದ್ರ ಅನುಮಾನ ಅಂತ ಬರೀತೀನಿ."

ಗೌರೀಶ ಕಂಬಕ್ಕೆ ಒರಗಿ ನಿಂತಿದ್ದ. ಅವನ ಕಿವಿ ಕೆಂಪಾದವು. ಅಂಜುತ್ತಾನೆ ಎಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಹೇಳದಿದ್ದರೆ ಕಾಗದದಲ್ಲಿ ಕಳ್ಳ ಬೇಟೆಗಾರನಾಗುತ್ತಿದ್ದ. ಶರಣಬಸಮ್ಮ ಬಾಗಿಲ ಮರೆಯಿಂದ ಮಾವನ ಮುಖ ನೋಡಿದಳು.

ಕನಕಪ್ಪ ಕಾಗದದ ಕಡೆ ಕೈ ಮಾಡಿದ.

"ಬರಕೊಳ್ರಿ. ಈ ಬಂದೂಕು ನಮ್ಮ ಮನ್ಯಾಗ ಮೊದಲಿಂದಲೂ ಹೆಣ್ಣುಮಕ್ಕಳು ತುಂಬ್ಯಾರ."

"ಏನಂದ್ರಿ?"

"ನನ್ನ ಮದುವಿ ಆದ ವರ್ಷ ನಮ್ಮಪ್ಪ ಇದನ್ನ ನನ್ನ ಕೈಯಾಗ ಕೊಟ್ಟ. ಮೊದಲನೇ ಸಲ ಹಾರಿದಾಗ ನಾ ಬಂದೂಕು ಒಗದು ಊರ ತನಕ ಓಡಿ ಬಂದೆ. ಚಪ್ಪಲಿ ಹೊಲದಾಗ ಉಳದ್ವು. ಮೂರು ಸುಗ್ಗಿ ಈಕಿ ತುಂಬಿ, ಈಕಿನ ಹಾರಿಸ್ಯಾಳ." ಪಾರಮ್ಮನ ಕಡೆ ಕೈ ಮಾಡಿದ. "ನಾ ಹಾರಿಸಿದೆ ಅಂತ ಊರಿಗೆ ಹೇಳತಿದ್ದೆ. ಆಮ್ಯಾಲೆ ಈಕಿ ಕಡಿಂದ ಕಲತೆ. ಸೊಸಿಗೂ ಈಕಿನ ಕಲಿಸಿರಬೇಕು. ನನಗ ಹೇಳಿಲ್ಲ. ನಾನೂ ಕೇಳಿಲ್ಲ."

ಉಡಚಮ್ಮನ ಮೊರದಲ್ಲಿ ಅಕ್ಕಿ ಅಲುಗಾಡುವುದು ನಿಂತಿತು. ಪಾರಮ್ಮ ಸೆರಗು ಸರಿಮಾಡಿಕೊಂಡು, "ಐವತ್ತು ವರ್ಷ ಆದ ಮ್ಯಾಲೆ ಬಾಯಿ ಬಿಟ್ಟ ನೋಡ್ರಿ" ಎಂದಳು.

ಗೌರೀಶ ಕಂಬದಿಂದ ಬೆನ್ನು ಎತ್ತಿದ. ಅಪ್ಪ ತನ್ನ ಕಡೆ ನೋಡುತ್ತಾನೆಂದು ಕಾದ. ಕನಕಪ್ಪ ನೋಡಲಿಲ್ಲ.

"ಇದನ್ನೂ ಬರೀಲೇನ್ರಿ?" ಪಕ್ಕೀರಪ್ಪ ನಗು ತಡೆದುಕೊಂಡು ಕೇಳಿದ.

"ಎಲ್ಲಾ ಬರೀರಿ. ಸೈ ಮಾಡತೀನಿ."

ಪಕ್ಕೀರಪ್ಪ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದ. ಗೌರೀಶ ಯಾರೂ ಹೇಳದೆ ಒಳಗೆ ಹೋಗಿ ಕನ್ನಡಕ ತಂದು, ತನ್ನ ಅಂಗಿಯಿಂದ ಒರೆಸಿ, ಅಪ್ಪನ ಕೈಗೆ ಕೊಟ್ಟ. ಪೊಲೀಸರು ಬರೆದದ್ದನ್ನು ಓದದೆ ಸಹಿ ಮಾಡುವವನಲ್ಲ ಕನಕಪ್ಪ. ಬೆರಳಿಟ್ಟು ಸಾಲು ಸಾಲಾಗಿ ಓದಿದ. ಒಂದು ಕಡೆ ಬೆರಳು ನಿಂತಿತು.

"ಎರಡು ಸುಗ್ಗಿ ಅಂತ ಬರದೀರಿ," ಎಂದ. "ಮೂರು ಅಂತ ಹೇಳೀನಿ. ತಿದ್ದರಿ."